ಬಾಗಿಲು ಮೇಲಿರುವ ಮನೆ

ಮನೆ,
ಮೆಟ್ಟಿಲ ಪಕ್ಕದ ಕೋಣೆಯಿಂದ,
ತಾರೀಖು ೧೭, ಬುಧವಾರ

ಪ್ರೀತಿಯ ಗುಂಡುಸೂಜಿಗೆ ನಿನ್ನ ಅಕ್ಕ ಉಲ್ಟಾಳ ಆಶೀರ್ವಾದಗಳು.

ಹೇಗಿದ್ದೀಯೆ? ಕತ್ತು ನೋವು ಇಳಿಯಿತೇ? ಬಗ್ಗಿ ಬಗ್ಗಿ ಹೊಲಿದು ಕತ್ತು ಹಾಳುಮಾಡಿಕೊಳ್ಳುವುದು ನಮ್ಮ ಮನೆತನದ ಆಸ್ತಿ, ಇಬ್ಬರಿಗೂ ಸಮವಾಗಿ ಬಂದಿರುವುದು ಅದೊಂದೇ. ಬಿಸಿನೀರಿನ ಚೀಲ ಇಟ್ಟುಕೋ. ಈಗ ನೀನು ಹೊಲಿಯುವುದಕ್ಕಿಂತ ಜನರ ಮುಂದೆ ನಿಂತು ಮಾತಾಡುವುದೇ ಹೆಚ್ಚಂತೆ. ಹಾಗಾದರೆ ಗಂಟಲನ್ನೂ ನೋಡಿಕೋ. ನಿಮ್ಮ ಯಜಮಾನರ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆಯೇ? ಮಗಳ ಹಲ್ಲಿಗೆ ತಂತಿ ಹಾಕಿಸಿದ್ದನ್ನು ತೆಗೆದರೇ? ನನ್ನ ಆರೋಗ್ಯದ ಬಗ್ಗೆ ನೀನು ಕೇಳಿ ಎರಡು ವರ್ಷವಾಯಿತು, ಆದರೂ ಹೇಳುತ್ತೇನೆ, ಚೆನ್ನಾಗಿದ್ದೇನೆ. ಬಲಗೈಯ ಹೆಬ್ಬೆರಳು ಬೆಳಗ್ಗೆ ಮಡಚುವುದಿಲ್ಲ, ಹತ್ತು ಗಂಟೆಯ ಹೊತ್ತಿಗೆ ದಾರಿಗೆ ಬರುತ್ತದೆ.

ಅಮ್ಮನ ವಿಷಯ. ಕಣ್ಣು ಎರಡು ವರ್ಷದ ಹಿಂದೆಯೇ ಕೈಕೊಟ್ಟಿದ್ದು ನಿನಗೆ ಗೊತ್ತು. ಹೋದ ತಿಂಗಳಿನಿಂದ ಮಂಚ ಬಿಟ್ಟು ಎದ್ದಿಲ್ಲ. ಊಟ ಎಂದರೆ ನಾಲ್ಕು ಚಮಚ ಗಂಜಿ, ಅದೂ ನಾನು ಬೈದರೆ. ಡಾಕ್ಟರು ಬಂದು ನೋಡಿದರು, ನಾಡಿ ಹಿಡಿದರು, ಔಷಧಿ ಚೀಟಿ ಬರೆಯಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು, “ಇನ್ನು ಅವರಿಗೆ ಏನು ಇಷ್ಟಾನೋ ಅದನ್ನೇ ಮಾಡಿ” ಎಂದರು. ಅದರ ಅರ್ಥ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ನಾನು ಹೋಗಿ ಏನು ಬೇಕಮ್ಮಾ ಎಂದು ಕೇಳಿದೆ. ತಿನ್ನುವುದು ಏನಾದರೂ ಕೇಳುತ್ತಾಳೆ, ಇಲ್ಲದಿದ್ದರೆ ನಿನ್ನನ್ನು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಕೌದಿಯನ್ನು. “ಮನೆಗಳ ಕೌದಿ ಹೊದಿಸೇ, ಚಳಿ” ಎಂದಳು. ಆಗ ಮಧ್ಯಾಹ್ನ ಎರಡು ಗಂಟೆ, ನಾನು ಬೆವರುತ್ತಿದ್ದೆ.

ಆ ಕೌದಿಯನ್ನು ನೀನು ನಾಲ್ಕು ವರ್ಷದ ಹಿಂದೆ ಒಯ್ದೆ. ಅಂಚು ಹರಿದಿದೆ, ನನ್ನ ಹತ್ತಿರ ಒಳ್ಳೆಯ ಮೆಷಿನ್ ಇದೆ, ಸರಿಮಾಡಿ ಕಳಿಸುತ್ತೇನೆ ಎಂದು ಹೇಳಿ ಮಡಚಿ ಚೀಲಕ್ಕೆ ತುಂಬಿಕೊಂಡೆ. ಆರು ತಿಂಗಳ ಮೇಲೆ ಫೋನಿನಲ್ಲಿ, ಒಗೆಯಲು ಹಾಕಿದಾಗ ಚಿಂದಿಯಾಯಿತು ಅಕ್ಕ, ಎತ್ತಿದರೆ ಕೈಗೆ ನೂಲು ಬರುತ್ತಿತ್ತು, ಅಮ್ಮನಿಗೆ ಹೇಳಬೇಡ ಎಂದು ಅತ್ತೆ. ನಿನ್ನ ಅಳು ಕೇಳಿ ನನಗೂ ಅಳು ಬಂತು. ಹೋಗಲಿ ಬಿಡು, ಹಳೇ ಬಟ್ಟೆ, ಎಷ್ಟು ದಿನ ಬಾಳೀತು ಎಂದು ನಾನೇ ನಿನ್ನನ್ನು ಸಮಾಧಾನ ಮಾಡಿದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಅಮ್ಮನಿಗೆ ಮಾತ್ರ ಕೌದಿ ನಿನ್ನ ಹತ್ತಿರವೇ ಇದೆ, ಹೊಲಿಯುತ್ತಿದ್ದೀಯೆ ಎಂದು ಸುಳ್ಳು ಹೇಳಿದೆ. ಅಂದಿನಿಂದ ಅಮ್ಮ ಬಂದವರಿಗೆಲ್ಲ, “ನಮ್ಮ ಗುಂಡುಸೂಜಿ ನಾಜೂಕು ಕಣ್ರೀ, ನಿಧಾನ ಆಗುತ್ತೆ, ಆದರೆ ಹೊಲಿದರೆ ಹೊಲಿದ ಹಾಗೆ” ಎನ್ನುತ್ತಾಳೆ. ಪಕ್ಕದಲ್ಲಿ ಕೂತು ಹನ್ನೊಂದು ವರ್ಷದಿಂದ ಹೊಲಿಯುತ್ತಿರುವವಳ ಸುದ್ದಿ ಅವಳ ಬಾಯಲ್ಲಿ ಬರುವುದಿಲ್ಲ. ಹತ್ತಿರ ಇರುವ ದೀಪಕ್ಕಿಂತ ದೂರದ ದೀಪವೇ ಚಂದ, ಏನು ಮಾಡುವುದು.

ನಾನು ಏನು ಹೊಲಿಯುತ್ತೇನೆ ಎಂದು ನೀನು ಯಾವತ್ತೂ ಕೇಳಲಿಲ್ಲ. “ಅಕ್ಕ ಯಾವುದೋ ದಾರದ ಅಂಗಡೀಲಿ ಇದಾಳೆ” ಎಂದು ನಿನ್ನ ಸ್ನೇಹಿತೆಯರಿಗೆ ಹೇಳುತ್ತೀಯಂತೆ. ಅಂಗಡಿ ಕೆಳಗೆ, ಮೇಲೆ ಕೌದಿ ಮತ್ತು ಕಸೂತಿ ಕ್ಲಾಸು. ಕ್ಲಾಸಿಗೆ ಬೇಕಾದ ಮಾದರಿಗಳನ್ನು ಮಾಡಿಕೊಡುವವಳು ನಾನು. ಒಂದು ಚೀಲ ಕಲಿಸುತ್ತಾರೆ ಎಂದುಕೋ, ಅದೇ ಚೀಲವನ್ನು ನಾನು ನಾಲ್ಕು ಸಲ ಮಾಡಬೇಕು. ಮೊದಲನೆಯದು ಕತ್ತರಿಸಿದ ತುಂಡುಗಳಿಗೆ ಪಿನ್ನು ಚುಚ್ಚಿ ನಿಲ್ಲಿಸಿದ್ದು, ಎರಡನೆಯದು ತುಂಡು ಜೋಡಿಸಿದ್ದು, ಮೂರನೆಯದು ಒಳಗೆ ಹತ್ತಿಯ ಪದರ ಇಟ್ಟು ಕಚ್ಚಾ ಹೊಲಿಗೆ ಹಾಕಿದ್ದು. ನಾಲ್ಕನೆಯದು ಮಾತ್ರ ಪೂರ್ತಿ. ಟೀಚರು ಒಂದೊಂದನ್ನೇ ಎತ್ತಿ ಹಿಡಿದು, ‘ಹೀಗೆ, ಆಮೇಲೆ ಹೀಗೆ’ ಎನ್ನುತ್ತಾರೆ. ಪೂರ್ತಿಯಾದದ್ದು ಅವರ ಹೆಸರಿನ ಚೀಟಿಯೊಂದಿಗೆ ಗೋಡೆಗೇರುತ್ತದೆ. ಅರ್ಧಂಬರ್ಧ ಇರುವವು ಕ್ಲಾಸು ಮುಗಿದ ಮೇಲೆ ನನ್ನ ಪಾಲು. ನಮ್ಮ ಮನೆಗೆ ಬಂದು ನೋಡು, ರೆಕ್ಕೆ ಇಲ್ಲದ ಹಕ್ಕಿ, ಹಿಡಿ ಇಲ್ಲದ ಚೀಲ, ಒಂದು ಕಣ್ಣಿನ ಬೆಕ್ಕು, ಕಪಾಟು ತೆಗೆದರೆ ಮೈಮೇಲೆ ಬೀಳುತ್ತವೆ.

ಇನ್ನೊಂದು ತಮಾಷೆ ಕೇಳು. ನಾನು ಸೇರಿದ ಹೊಸದರಲ್ಲಿ ಅಮ್ಮ ಕಲಿಸಿದ ಹಾಗೆ ಅಕ್ಕಿಕಾಳಿನಷ್ಟು ಸಣ್ಣ, ಒಂದೇ ಅಳತೆಯ ಹೊಲಿಗೆ ಹಾಕಿ ಒಂದು ಮೇಜಿನ ಹಾಸು ಮಾಡಿಕೊಟ್ಟೆ. ಅಂಗಡಿ ಯಜಮಾನಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. “ಇಷ್ಟು ಚೆನ್ನಾಗಿ ಹೊಲೀಬೇಡಿ. ನೋಡಿದವರು ಇದು ನಮ್ಮ ಕೈಲಾಗಲ್ಲ ಅಂತ ಹೆದರಿ ವಾಪಸ್ ಹೋಗ್ತಾರೆ. ಸ್ವಲ್ಪ ಕೈ ನಡುಗಲಿ” ಎಂದರು. ಅಂದಿನಿಂದ ಕೈ ನಡುಗಿಸುವುದನ್ನು ಕಲಿತೆ. ಆರು ಹೊಲಿಗೆ ನೆಟ್ಟಗೆ, ಏಳನೆಯದು ಒಂಚೂರು ಉದ್ದ. ಒಂದು ಮೂಲೆ ಸರಿಯಾಗಿ ಕೂತರೆ ಇನ್ನೊಂದು ನೂಲಿನಷ್ಟು ಜಾರಬೇಕು. ತಪ್ಪು ಕಾಣಬೇಕು, ಆದರೆ ಕಣ್ಣಿಗೆ ಹೊಡೆಯಬಾರದು. ಅದರಲ್ಲಿ ನಾನು ಎಷ್ಟು ಪಳಗಿದೆ ಎಂದರೆ, ನನ್ನ ಮಾದರಿ ನೋಡಿದ ಹೆಂಗಸರು, ‘ಅಯ್ಯೋ, ಇಷ್ಟು ನಮಗೂ ಬರುತ್ತೆ’ ಎಂದು ಆವತ್ತೇ ಹೆಸರು ಬರೆಸುತ್ತಾರೆ. ಇದನ್ನು ಅಮ್ಮನಿಗೆ ನಾನು ಹೇಳಿರಲಿಲ್ಲ. ಹೊಲಿಗೆ ಸೊಟ್ಟಗಾದರೆ ಊಟಕ್ಕೆ ಏಳಲು ಬಿಡದೆ ಬಿಚ್ಚಿಸುತ್ತಿದ್ದವಳು ಅವಳು.

ಈಗ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಸಿಟ್ಟು ಇಳಿಯಲಿ ಎಂದು, ಅದು ಇಳಿಯುವ ಹಾಗೆ ಕಾಣುತ್ತಿಲ್ಲ. ಹೋದ ತಿಂಗಳು, ಡಾಕ್ಟರು ಬಂದು ಹೋದ ಮರುದಿನವೇ, ಯಜಮಾನಿ ನನ್ನ ಮೇಜಿನ ಮೇಲೆ ಹೊಳೆಯುವ ಕಾಗದದ ಒಂದು ಪುಸ್ತಿಕೆ ಇಟ್ಟರು. ಹೊಸ ಕೌದಿ ಕ್ಲಾಸು, ಈಗ ಎಲ್ಲ ಕಡೆ ಇದೇ ನಡೆಯುತ್ತಿದೆ, ಹತ್ತು ದಿನದಲ್ಲಿ ನಾಲ್ಕೂ ಮಾದರಿ ಬೇಕು ಎಂದರು. ಮುಖಪುಟದಲ್ಲಿ ನೀನು. ಕೂದಲು ಕತ್ತರಿಸಿಕೊಂಡಿದ್ದೀಯೆ, ಚೆನ್ನಾಗಿ ಕಾಣುತ್ತದೆ. ನಿನ್ನ ಹಿಂದೆ ಗೋಡೆಯ ಮೇಲೆ ನಮ್ಮ ಕೌದಿ. ಮೊದಲು ನನಗೆ ಕಂಡದ್ದು ನೀನಲ್ಲ, ಅಪ್ಪನ ಕೋಟು. ಆ ಮೂವತ್ತೈದು ಪುಟ್ಟ ಮನೆಗಳ ಮೂವತ್ತೈದು ಬಾಗಿಲು, ಎಲ್ಲವೂ ಅಪ್ಪನ ಕಾವಲು ಕೆಲಸದ ಒರಟು ಉಣ್ಣೆ ಕೋಟಿನಿಂದ ಕತ್ತರಿಸಿದವು. ಒಂದು ದಾರವೂ ಎದ್ದಿಲ್ಲ. ಅಂಚಿಗೆ ಹೊಸ ಪಟ್ಟಿ ಕೊಟ್ಟಿದ್ದೀಯೆ, ಬಣ್ಣ ಒಪ್ಪುತ್ತದೆ. ಚಿಂದಿಯಾದದ್ದು ನನ್ನ ಬುದ್ಧಿ ಮಾತ್ರ.

ಒಳಗಿನ ಪುಟದಲ್ಲಿ ನೀನು ಬರೆದದ್ದನ್ನು ಮೂರು ಸಲ ಓದಿದೆ. ‘ಆರು ವರ್ಷದವಳಿದ್ದಾಗ ನಾನು ಒಂದು ಮನೆಯನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ಅಮ್ಮ ಅದನ್ನು ಬಿಚ್ಚಲಿಲ್ಲ. ನನ್ನನ್ನು ತಬ್ಬಿಕೊಂಡು, ತಪ್ಪನ್ನೂ ಪ್ರೀತಿಸಬೇಕು ಮಗಳೇ ಎಂದಳು. ಆ ಒಂದು ಮನೆ ನನ್ನನ್ನು ಕಲಾವಿದೆ ಮಾಡಿತು.’ ಯಜಮಾನಿಯ ಕಣ್ಣಲ್ಲಿ ನೀರು ಬಂದಿತ್ತು. “ಇವರು ಯಾರು ಗೊತ್ತಾ ನಿಮಗೆ?” ಎಂದು ಕೇಳಿದರು. ನಾನು ಗೊತ್ತಿಲ್ಲ ಎಂದೆ. ನನ್ನ ಬಾಯಿಂದ ಆ ಮಾತು ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು.

ಗುಂಡುಸೂಜಿ, ಆ ಮನೆ ಹೊಲಿದಾಗ ನನಗೆ ಒಂಬತ್ತು ವರ್ಷ, ನಿನಗೆ ಮೂರು. ನೀನು ಮೇಜಿನ ಕೆಳಗೆ ಕೂತು ದಾರದ ಉಂಡೆ ಚೀಪುತ್ತಿದ್ದೆ. ನಿನ್ನ ಕೈಗೆ ಸೂಜಿ ಕೊಟ್ಟಿದ್ದರೆ ನುಂಗಿರುತ್ತಿದ್ದೆ. ಅಮ್ಮನಿಗೆ ಗಿರಾಕಿಗಳ ಬಟ್ಟೆಯ ರಾಶಿ ಇತ್ತು, ಮೂರನೇ ಸಾಲು ನೀನು ಮುಗಿಸು ಎಂದು ನನಗೆ ಬಿಟ್ಟಿದ್ದಳು. ಕೊನೆಯ ಮನೆ ಹೊಲಿಯುವಾಗ ನೀನು ನನ್ನ ಕಾಲು ಕಚ್ಚಿದೆ. ಕಿರುಚಿ, ನಿನ್ನನ್ನು ಎಳೆದು ಹಾಕಿ, ಕೈಯಲ್ಲಿದ್ದ ತುಂಡನ್ನು ನೋಡದೆ ಸೇರಿಸಿಬಿಟ್ಟೆ. ಚಾವಣಿ ಕೆಳಗೆ, ಬಾಗಿಲು ಮೇಲೆ. ಅಮ್ಮ ತಬ್ಬಿಕೊಳ್ಳಲಿಲ್ಲ. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಳ್ಳುತ್ತಿದ್ದ ತಗಡಿನ ಟೊಪ್ಪಿಗೆಯಿಂದ ನನ್ನ ಗೆಣ್ಣುಗಳ ಮೇಲೆ ನಾಲ್ಕು ಬಿಟ್ಟಳು. ಬಿಚ್ಚಲು ಪುರಸೊತ್ತಿರಲಿಲ್ಲ, ಅದಕ್ಕೆ ಉಳಿಯಿತು. “ಇರಲಿ ಬಿಡು, ನಿನ್ನ ತಲೆ ಹೇಗಿದೆ ಅಂತ ನಾಕು ಜನಕ್ಕೆ ಗೊತ್ತಾಗಲಿ. ಆ ಮನೆಗೆ ಹೋಗೋಕೆ ಏಣಿ ಬೇಕು” ಎಂದಳು. ಅಪ್ಪ ನಕ್ಕರು. ಅಂದಿನಿಂದ ನಾನು ಉಲ್ಟಾ. ಶಾಲೆಯಲ್ಲಿ ಉಲ್ಟಾ, ಬೀದಿಯಲ್ಲಿ ಉಲ್ಟಾ, ನನ್ನನ್ನು ನೋಡಲು ಬಂದ ಹುಡುಗನ ಮುಂದೆಯೂ ದೊಡ್ಡಮ್ಮ ಉಲ್ಟಾ ಎಂದೇ ಕೂಗಿದರು. ಮೂವತ್ತೆಂಟು ವರ್ಷ ಆ ಹೆಸರು ಹೊತ್ತಿದ್ದೇನೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದ ಕೈ ನನ್ನದು, ಮೊಸರಾದ ಬಾಯಿ ನಿನ್ನದು. ಇಷ್ಟು ದಿನ ನನ್ನ ಒಳ್ಳೆಯ ಕೆಲಸಕ್ಕೆ ಬೇರೆಯವರ ಹೆಸರು ಅಂಟಿಸುತ್ತಿದ್ದರು, ಅಭ್ಯಾಸವಾಗಿತ್ತು. ನನ್ನ ತಪ್ಪನ್ನೂ ಒಬ್ಬರು ಎತ್ತಿಕೊಂಡು ಹೋಗುತ್ತಾರೆ ಅಂದುಕೊಂಡಿರಲಿಲ್ಲ.

ಮಾದರಿ ಮಾಡಿದೆ. ಬೇರೆ ದಾರಿ ಇರಲಿಲ್ಲ, ಕೆಲಸ ಅಲ್ಲವೇ. ಮೊದಲ ಮೂರನ್ನು ಒಂದೊಂದು ಸಾಲಿಗೆ ನಿಲ್ಲಿಸಿದೆ. ನಾಲ್ಕನೆಯದನ್ನು, ಪೂರ್ತಿಯಾಗಬೇಕಾದದ್ದನ್ನು, ಮನೆಗೆ ತಂದು ಹೊಲಿದೆ. ಬಾಗಿಲುಗಳಿಗೆ ಒರಟು ಉಣ್ಣೆ ಬಟ್ಟೆಗಾಗಿ ಮೂರು ಅಂಗಡಿ ಸುತ್ತಿದೆ. ಅಮ್ಮನಿಗೂ ಒಮ್ಮೆ ಹೊದಿಸಬಹುದು, ಕಣ್ಣು ಕಾಣದವಳಿಗೆ ಯಾವ ಕೌದಿಯಾದರೇನು ಎಂಬ ಕಳ್ಳ ಲೆಕ್ಕಾಚಾರ ಮನಸ್ಸಿನಲ್ಲಿತ್ತು. ಆದರೆ ಮೂರನೇ ಸಾಲಿನ ಕೊನೆಯ ಮನೆಗೆ ಬಂದಾಗ ನನ್ನ ಹಟ ಗೆದ್ದಿತು. ಅದನ್ನು ನೆಟ್ಟಗೆ ಹೊಲಿದೆ. ಚಾವಣಿ ಮೇಲೆ, ಬಾಗಿಲು ಕೆಳಗೆ, ಎಲ್ಲ ಮನೆಗಳ ಹಾಗೆ. ಏಳನೇ ಹೊಲಿಗೆಯನ್ನು ಕೂಡ ಉದ್ದ ಬಿಡಲಿಲ್ಲ. ಗುಂಡುಸೂಜಿಯ ಪುಸ್ತಿಕೆ ಏನು ಬೇಕಾದರೂ ಹೇಳಿಕೊಳ್ಳಲಿ, ನನ್ನ ತಪ್ಪನ್ನು ನಾನು ತಿದ್ದಿಕೊಂಡೆ ಎಂದು ಒಳಗೊಳಗೇ ಬೀಗಿದೆ.

ಮಧ್ಯಾಹ್ನ ಅಮ್ಮನಿಗೆ ಹೊದಿಸಿ, ಗುಂಡುಸೂಜಿ ಕಳಿಸಿದ್ದಾಳೆ ನೋಡಮ್ಮ ಎಂದೆ. ಹೌದು, ನಿನ್ನ ಹೆಸರನ್ನೇ ಹೇಳಿದೆ. ಮುಖ ಅರಳಿತು. ಎರಡೂ ಕೈ ಹೊರಗೆ ತೆಗೆದು ಅಂಚನ್ನು ಹಿಡಿದಳು. ಆಮೇಲೆ ಎಡಗೈ ಸಾಲು ಎಣಿಸುತ್ತಾ ಹೊರಟಿತು. ಒಂದು, ಎರಡು, ಮೂರು. ಮೂರನೇ ಸಾಲಿನ ಕೊನೆಗೆ ಹೋಗಿ ಬೆರಳು ಬಾಗಿಲನ್ನು ಹುಡುಕಿತು, ಮೇಲೆ. ಸಿಗಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದಳು. ಹೀಗೆ ನಾಲ್ಕು ಸಲ. ಆಮೇಲೆ ಮೈಮೇಲಿಂದ ಕೌದಿಯನ್ನು ಸರಿಸಿದಳು, ಸಿಟ್ಟಿನಿಂದಲ್ಲ, ಬಸ್ಸಿನಲ್ಲಿ ಅಪರಿಚಿತರ ಚೀಲ ತೊಡೆಯ ಮೇಲೆ ಬಂದರೆ ಸರಿಸುತ್ತೇವಲ್ಲ, ಹಾಗೆ. “ಇದು ನಮ್ಮದಲ್ಲ ಕಣೇ. ಪಕ್ಕದ ಮನೆಯವರದ್ದಿರಬೇಕು, ಕೊಟ್ಟು ಬಾ. ಪಾಪ, ಹುಡುಕ್ತಿರ್ತಾರೆ” ಎಂದಳು.

ಅಂದರೆ ನೀನು ಒಯ್ಯುವವರೆಗಿನ ಮೂವತ್ತನಾಲ್ಕು ವರ್ಷವೂ ಅವಳು ಪ್ರತಿದಿನ ಹೊದೆಯುವಾಗ ಆ ಮನೆಯನ್ನು ಮುಟ್ಟಿ ನೋಡುತ್ತಿದ್ದಳು. ನನಗೆ ಗೊತ್ತಿರಲಿಲ್ಲ. ನಾಲ್ಕು ಪೆಟ್ಟು ಕೊಟ್ಟದ್ದೊಂದೇ ನನಗೆ ನೆನಪಿತ್ತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನ್ನ ಮೇಲಿನ ಕೋಪಕ್ಕೆ ಅತ್ತೆನೋ, ನನ್ನ ಹಟಕ್ಕೆ ಅತ್ತೆನೋ ತಿಳಿಯದು, ಎರಡೂ ಇತ್ತು.

ಮರುದಿನ ಆ ಮನೆಯನ್ನು ಬಿಚ್ಚಿ ತಿರುಗಿಸಿ ಹೊಲಿದೆ. ಹೇಗೂ ಯಜಮಾನಿಗೂ ಅದೇ ಬೇಕಿತ್ತು. ಹನ್ನೊಂದು ವರ್ಷ ಬೇಕೆಂದೇ ತಪ್ಪು ಮಾಡಿ ಊಟ ಮಾಡಿದವಳಿಗೆ ಒಂದು ಮನೆ ತಲೆಕೆಳಗು ಮಾಡುವುದು ಯಾವ ಮಹಾ ಕೆಲಸ? ಒಂಬತ್ತು ವರ್ಷದ ಹುಡುಗಿಯ ಕೈಯ ಹಾಗೆ ದಾರ ಬಿಗಿದೆ, ಒಂದು ಕಡೆ ಸುಕ್ಕು ಬಿಟ್ಟೆ, ಎರಡು ಹೊಲಿಗೆ ಒಂದರ ಮೇಲೊಂದು ಹತ್ತಿಸಿದೆ. ನನ್ನ ಜೀವನದಲ್ಲೇ ಅಷ್ಟು ಜಾಗ್ರತೆಯಿಂದ ಏನನ್ನೂ ಹೊಲಿದಿಲ್ಲ. ತಂದು ಹೊದಿಸಿದೆ. ಎಡಗೈ ಹೊರಟಿತು, ಮೂರನೇ ಸಾಲಿನ ಕೊನೆಗೆ ಬಂತು, ಬಾಗಿಲು ಮೇಲೆ ಸಿಕ್ಕಿತು. ನಾನು ಉಸಿರು ಬಿಟ್ಟೆ. ಆದರೆ ಬೆರಳು ಅಲ್ಲೇ ನಿಂತಿತು. ಹೊಲಿಗೆಯ ಮೇಲೆ ಹೋಯಿತು, ಬಂತು, ಸುಕ್ಕನ್ನು ತಡವಿತು. “ಇದು ಬೇಕೂಂತ ಮಾಡಿರೋ ತಪ್ಪು” ಎಂದಳು. ಬೆರಳನ್ನು ಸುಕ್ಕಿನ ಮೇಲೇ ಇಟ್ಟುಕೊಂಡು, “ಹೀಗೆ ಹೊಲಿಯೋದು ಯಾರು ಕಲಿಸಿದರೇ ನಿನಗೆ?” ಎಂದು ಕೇಳಿದಳು. ಗುಂಡುಸೂಜಿ ಕಳಿಸಿದ್ದು ಎಂದು ನಾನು ಹೇಳಿದ್ದನ್ನು ಅವಳ ಬೆರಳು ನಂಬಿರಲಿಲ್ಲ, ಅದು ನನ್ನ ಕೈಯನ್ನು ಗುರುತಿಸಿತ್ತು. ಕೌದಿಯನ್ನು ಮಡಚಿ ಅಂಗಡಿಗೆ ತೆಗೆದುಕೊಂಡು ಹೋದೆ, ಮಂಚದ ಮೇಲೆ ಹಳೆಯ ಕಂಬಳಿ ಉಳಿಯಿತು.

ಈಗ ಆ ಮಾದರಿ ಕ್ಲಾಸಿನ ಗೋಡೆಯ ಮೇಲಿದೆ, ಟೀಚರ ಹೆಸರಿನ ಚೀಟಿಯ ಕೆಳಗೆ ಸಣ್ಣಗೆ ನಿನ್ನ ಹೆಸರೂ ಇದೆ. ಹೋದ ಶನಿವಾರ ಕ್ಲಾಸು ಶುರುವಾಯಿತು. ಹದಿನೆಂಟು ಜನ ಸೇರಿದ್ದಾರೆ, ಹಿಂದಿನ ಬೆಂಚಿನಲ್ಲಿ ಸೂಜಿಗೆ ದಾರ ಪೋಣಿಸಿಕೊಡಲು ನಾನು. ಹದಿನೆಂಟು ಜನ ನನ್ನ ತಪ್ಪನ್ನು ಸರಿಯಾಗಿ ಮಾಡುವುದನ್ನು ಕಲಿಯುತ್ತಿದ್ದಾರೆ. ಬ್ಯಾಂಕಿನಿಂದ ನಿವೃತ್ತಿಯಾದ ಒಬ್ಬರು ತಲೆಕೆಳಗಿನ ಮನೆಯನ್ನು ಸ್ವಲ್ಪ ಓರೆಯಾಗಿ ಜೋಡಿಸಿದ್ದರು. ಟೀಚರು ನೋಡಿ, “ಓರೆ ಆಗಿದೆ ಮೇಡಂ, ಬಿಚ್ಚಿ ಇನ್ನೊಂದು ಸಲ ಹಾಕಿ” ಎಂದರು. ನನಗೆ ನಗು ತಡೆಯಲಾಗದೆ ಕೆಮ್ಮು ಬಂದವಳ ಹಾಗೆ ಮೆಟ್ಟಿಲಿಳಿದು ಹೋದೆ.

ಇದನ್ನೆಲ್ಲ ಓದಿ ನೀನು ಫೋನು ಮಾಡಿ ಅಳುತ್ತೀಯೆ ಎಂದು ಗೊತ್ತು. ಅಳಬೇಡ, ಹೋದ ಸಲದ ನಿನ್ನ ಅಳುವನ್ನೇ ನಾನಿನ್ನೂ ಜೀರ್ಣಿಸಿಕೊಂಡಿಲ್ಲ. ಮಗಳಿಗೆ ದೊಡ್ಡಮ್ಮನ ಮುದ್ದು ಹೇಳು. ಅವಳಿಗೆ ಒಂದು ಬೆಕ್ಕು ಹೊಲಿದಿಟ್ಟಿದ್ದೇನೆ, ಎರಡೂ ಕಣ್ಣು ಇರುವುದು. ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸು. ನೀನು ಚೆನ್ನಾಗಿರು, ಈ ಮಾತು ಮಾತ್ರ ಬೇಕೆಂದೇ ಮಾಡಿದ ಹೊಲಿಗೆಯಲ್ಲ.

ಇಂತಿ,
ನಿನ್ನ ಅಕ್ಕ,
ಉಲ್ಟಾ

ಮರೆತಿದ್ದೆ: ಅಂಚೆ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಬರಲೇಬೇಕು ಎಂದೇನಿಲ್ಲ, ಕೌದಿ ಬಂದರೆ ಸಾಕು. ಈ ವಾರವೇ ಕಳಿಸು, ಮುಂದಿನ ವಾರ ಎನ್ನಬೇಡ. ಒಗೆಯಬೇಡ, ಇಸ್ತ್ರಿ ಮಾಡಬೇಡ, ಗೋಡೆಯಿಂದ ಇಳಿಸಿ ಹಾಗೇ ಕಟ್ಟು. ಅಮ್ಮನಿಗೆ ಅದರ ಅಗತ್ಯ ತೀರಿದ ದಿನ ನಾನೇ ಮಡಚಿ ನಿನಗೆ ವಾಪಸ್ಸು ಕಳಿಸುತ್ತೇನೆ, ನಿನ್ನ ಗೋಡೆ ಖಾಲಿ ಉಳಿಯುವುದಿಲ್ಲ. ಆ ಮನೆಯನ್ನು ಆರು ವರ್ಷದ ನೀನೇ ಹೊಲಿದದ್ದು ಎಂದು ಎಲ್ಲಿ ಬೇಕಾದರೂ ಬರೆದು ಸಹಿ ಹಾಕಿಕೊಡುತ್ತೇನೆ, ಯಾರು ಕೇಳಿದರೂ ಹೌದು ಎನ್ನುತ್ತೇನೆ. ಅಮ್ಮ ಈಗಲೂ ಕಂಬಳಿಯ ಮೇಲೆ ಮೂರನೇ ಸಾಲು ಹುಡುಕುತ್ತಿದ್ದಾಳೆ.